ಆ ಮನೆಯಲ್ಲಿರುವ ಲುಪೆ

೧೪ ಜುಲೈ, ಮಂಗಳವಾರ

ಆ ಲಕೋಟೆ ತಲೆಯಿಂದ ಹೋಗುತ್ತಲೇ ಇಲ್ಲ.

ಮೆಲ್ಬರ್ನಿನ ಈ ಕಡಲಂಚಿನ ಬಂಗಲೆಯಲ್ಲಿ ಯಾರೂ ವಾಸವಿಲ್ಲ. ಖಾಲಿ ಮನೆಗೆ ತೆರಿಗೆ ಜಾಸ್ತಿ ಅಂತ ವಾರಕ್ಕೆರಡು ಸಲ ಹೋಗಿ ನಲ್ಲಿ ಬಿಟ್ಟು, ಜನ ಇದ್ದಾರೆಂದು ತೋರಲು ನೀರಿನ ಮೀಟರು ಓಡಿಸಿ ಬರುವುದು ನನ್ನ ಕೆಲಸ. ಇವತ್ತು ಬಾಗಿಲ ಹತ್ತಿರ ತೆರಿಗೆ ಕಚೇರಿಯ ಲಕೋಟೆ ಬಿದ್ದಿತ್ತು, 'ಲುಪೆ' ಅಂತ ನನ್ನದೇ ಹೆಸರಿಗೆ. ಮೂರು ವರ್ಷದಿಂದ ನಾನಿಲ್ಲಿ ಬಾಡಿಗೆಗಿದ್ದೇನಂತೆ!

ಮಾಲೀಕರ ಏಜೆಂಟ್ ಬ್ರೆಟ್‌ಗೆ ಫೋನ್ ಮಾಡಿದರೆ ನಕ್ಕ. "ಕಾನೂನಿಗೆ ಒಂದು ಹೆಸರು ಬೇಕು ಕಣಮ್ಮಾ. ನಿನ್ನ ಗಂಟೇನು ಹೋಯ್ತು?"

ಸರ್ಕಾರಿ ಮನೆಗೆ ಹಾಕಿದ ನನ್ನ ಅರ್ಜಿ, 'ನಿಮಗೆ ಈಗಾಗಲೇ ಮನೆ ಇದೆ' ಅಂತ ವಾಪಸ್ ಬಂದದ್ದು ಯಾಕೆಂದು ಈಗ ತಿಳಿಯಿತು.

ಬಂಗಲೆಯ ಎದುರಿಗೇ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಆರಿಸಿಯೇ ಬಂದಿದ್ದ ಮಹಡಿಯ ದೀಪ ಇಷ್ಟು ಹೊತ್ತೂ ಉರಿಯುತ್ತಿತ್ತು. ಈಗ ಆರಿತು. ಆ ಲುಪೆ ಮಲಗಿರಬೇಕು. ರಾತ್ರಿ ಕಳೆಯಬೇಕಾದ ಈ ಕಾರಿನಲ್ಲಿ ನನಗೆ ಕಾಲು ಚಾಚುವುದಕ್ಕೂ ಜಾಗವಿಲ್ಲ.