ಬಸ್ಸಿನಲ್ಲಿ ಅಧಿವೇಶನ

ಮುಂಡರಗಿ ಬಸ್ ಡಿಪೋ ಸಾಹೇಬರಿಗೆ ನಮಸ್ಕಾರ.

ನಸುಕಿನ ಗದಗ ಬಸ್ಸಿನಲ್ಲಿ ಎದ್ದು ನಿಂತು, ಗೇಣಿದಾರರಿಗೆ ಭೂಮಿ ಕೊಡಿ ಎಂದು ಭಾಷಣ ಮಾಡುವವರು ನನ್ನ ಯಜಮಾನರು, ಹಳೆಯ ಸಮಾಜವಾದಿ, ಮಾಜಿ ಶಾಸಕ ಫಕ್ಕೀರಪ್ಪ. ಈಗ ಅವರಿಗೆ ಮರೆವು. ಮಂಜಿನಲ್ಲಿ ಕಪ್ಪತಗುಡ್ಡ ತೇಲಿದರೆ ವಿಧಾನಸೌಧ ಬಂತು ಅನ್ನುತ್ತಾರೆ.

ಬಸ್ಸಿನಲ್ಲಿ ಶಾಸಕರಿಗೆಂದು ಮೀಸಲಿಟ್ಟ ಸೀಟಿಗೆ ಮಾತ್ರ ಅವರನ್ನು ಕರೆಯಬೇಡಿ. ಗೆದ್ದಾಗಲೂ ಅವರು ಅದರಲ್ಲಿ ಕೂತವರಲ್ಲ. ಗದಗ ಬಂದಾಗ ಕಂಡಕ್ಟರ್ "ಇವತ್ತಿನ ಸದನ ಮುಗೀತ್ರೀ ಸಾಹೇಬ್ರ" ಎಂದರೆ ಸಾಕು, ಸುಮ್ಮನೆ ಮರಳುವ ಬಸ್ಸು ಹತ್ತುತ್ತಾರೆ.

ನಿನ್ನೆ ಹೊಸ್ತಿಲಲ್ಲಿ ನಿಂತು ನನ್ನನ್ನೇ ಕೇಳಿದರು: "ತಂಗೀ, ನಿಮ್ಮ ಬೇಡಿಕಿ ಏನೈತಿ ಹೇಳ್ರಿ."

"ನನ್ನ ಗಂಡ ಜಲ್ದಿ ಮನೀಗೆ ಬರ್ಲಿ" ಎಂದೆ.

"ನಾಳಿ ಸದನದಾಗ ಎತ್ತತೇನಿ" ಎಂದು ಕೈಮುಗಿದರು.

ಬಸ್ಸಿನಲ್ಲಿ ಆ ಮಾತು ಎತ್ತಿದರೆ, ದಯಮಾಡಿ ಮಂಜೂರು ಮಾಡಿಸಿ.

ಇಂತಿ,
ಗದಿಗೆವ್ವ