ಅಡುಗೆಮನೆಯಲ್ಲಿ ಆಡಿದ ಮಾತು

ಬುಡಾಪೆಸ್ಟ್
೯ ನವೆಂಬರ್ ೧೯೫೨

ಮಗಳು ಇಲ್ಕಾಳಿಗೆ ಅಪ್ಪನ ಮುತ್ತುಗಳು.

ಏಳು ತಿಂಗಳು ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಅಂಚೆಗೆ ಹಾಕುವ ಧೈರ್ಯವಿರಲಿಲ್ಲ. ಈಗ ನಂಬುವಂಥ ಒಬ್ಬರು ನೀನಿರುವ ವಿಯೆನ್ನಾಕ್ಕೆ ಬರುತ್ತಿದ್ದಾರೆ. ನಂಬುವಂಥ ಎಂದು ಬರೆಯುವ ಮೊದಲು ಎರಡು ಸಲ ಯೋಚಿಸಿದೆ.

ಗ್ರೀಕರ ಪುರಾಣದಿಂದ ದುಡಿಯುವ ಜನಕ್ಕೆ ಉಪಯೋಗವಿಲ್ಲವೆಂದು ನನ್ನ ಪಾಠ ನಿಲ್ಲಿಸಿದ್ದಾರೆ. ಒಂದು ಮುದ್ರಣಾಲಯದಲ್ಲಿ ಗೊಬ್ಬರದ ಕೈಪಿಡಿಗಳ ಕರಡು ತಿದ್ದುತ್ತೇನೆ. ದೆಮೆತೆರ್ ದೇವಿಯ ಮೇಲಿನ ಪುಸ್ತಕವನ್ನು ಮನೆಯಲ್ಲೇ ಬರೆಯುತ್ತಿದ್ದೇನೆ. ಪಾತಾಳದ ದೊರೆ ಹೊತ್ತೊಯ್ದ ಮಗಳನ್ನು ತಾಯಿ ಹುಡುಕುವ ಕಥೆ. ನಿನ್ನ ನೆನಪಾಗದೆ ಇರುತ್ತದೆಯೇ?

ಏಪ್ರಿಲ್‌ನಲ್ಲಿ ಗುಪ್ತ ಪೊಲೀಸರ ಒಬ್ಬ ಅಧಿಕಾರಿ ಕರೆಸಿ, ಮರ್ಯಾದೆಯಿಂದ ಕೂರಿಸಿ ಕೇಳಿದ: "ಪಾತಾಳದ ದೊರೆ ಈಗ ಕಪ್ಪು ಕಾರಲ್ಲಿ ಬರ್ತಾನೆ ಅಂದ್ರಂತಲ್ಲ ಪ್ರೊಫೆಸರ್ರೇ. ಯಾರ ಕಾರು?"

ಆ ಮಾತು ಆಡಿದ್ದು ನಮ್ಮ ಅಡುಗೆಮನೆಯಲ್ಲಿ. ಅಲ್ಲಿದ್ದವರು ನಿನ್ನ ಅಮ್ಮ ಮತ್ತು ನನ್ನ ಬರಹ ಟೈಪ್ ಮಾಡುವ ರೊಜಾಲಿಯಾ, ಇಬ್ಬರೇ.

ಮರುದಿನವೇ ರೊಜಾಲಿಯಾಳಿಗೆ ಇನ್ನು ಬರಬೇಡ ಎಂದೆ. ಆಕೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಹನ್ನೊಂದು ವರ್ಷ ನಿಮ್ಮ ಕಾಗೆಕಾಲಿನ ಅಕ್ಷರ ಓದಿದೀನಿ. ನಿಮಗೆ ನನ್ನ ಮುಖ ಓದೋಕೆ ಬರ್ಲಿಲ್ಲ" ಎಂದಳು. ಅಮ್ಮ ಒಲೆಯ ಕಡೆ ತಿರುಗಿ ನೂಡಲ್ಸಿಗೆ ಗಸಗಸೆ ಕಲಸುತ್ತಿದ್ದಳು.

ಆಮೇಲೆ ಎಲ್ಲರ ಮೇಲೂ ಅನುಮಾನ. ಕದ್ದು ಕೇಳುತ್ತಾರೆಂದು ಫೋನಿನ ಮೇಲೆ ದಿಂಬು ಇಟ್ಟೆ. ಕಟ್ಟಡ ಕಾಯುವವಳು "ಏನು, ಇವತ್ತು ಬೇಗ ಬಂದ್ರಿ?" ಎಂದರೂ ಯಾಕೆ ಕೇಳಿದಳೆಂದು ರಾತ್ರಿಯಿಡೀ ಲೆಕ್ಕ ಹಾಕುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ ಅದೇ ಅಧಿಕಾರಿ ಪುಸ್ತಕದ ಕೊನೆಯ ಅಧ್ಯಾಯದ ಬಗ್ಗೆ ಕೇಳಿದ. ಅದನ್ನು ನಾನು ಯಾರಿಂದಲೂ ಟೈಪ್ ಮಾಡಿಸಿರಲಿಲ್ಲ. ಮನೆಯಲ್ಲಿ ಗಟ್ಟಿಯಾಗಿ ಓದಿದ್ದೆ, ಅಷ್ಟೇ.

ಹೋದ ವಾರ ರೊಜಾಲಿಯಾಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬಾಗಿಲು ಅರ್ಧ ತೆರೆದು, "ಯಾರು ಅಂತ ಗೊತ್ತಾಯ್ತಾ?" ಎಂದಳು. ಇಲ್ಲ ಎಂದೆ. ನನ್ನನ್ನೇ ನೋಡಿ, "ಗೊತ್ತಾಗಿದೆ" ಎಂದು ಬಾಗಿಲು ಹಾಕಿಕೊಂಡಳು.

ಅಲ್ಲೂ ಚಳಿ ಶುರುವಾಗಿರಬೇಕು, ಉಣ್ಣೆಯ ಕಾಲುಚೀಲ ಮರೆಯಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಅಂಬ್ರುಶ್

ತಾ.ಕ.: ಮೊನ್ನೆ ಅಮ್ಮನೇ ಬಾಯಿಬಿಟ್ಟಳು. ಪಟ್ಟಣದಿಂದ ಹೊರಹಾಕಬೇಕಾದವರ ಪಟ್ಟಿಯಲ್ಲಿ ನಮ್ಮ ಹೆಸರಿತ್ತಂತೆ. ನನ್ನ ಬಗ್ಗೆ ತಿಂಗಳಿಗೊಂದು ವರದಿ ಕೊಟ್ಟರೆ ಹೆಸರು ತೆಗೆಯುತ್ತೇವೆ ಎಂದರಂತೆ. "ಯಾವುದೋ ಹಳ್ಳಿ ಕೊಟ್ಟಿಗೇಲಿ ಒಂದು ಚಳಿಗಾಲ ಕಳೆದಿದ್ರೆ ನೀವು ಉಳೀತಿರ್ಲಿಲ್ಲ ರೀ" ಎಂದು ಅತ್ತಳು. ನಾನು ಬೈಯಲಿಲ್ಲ. ಈ ತಿಂಗಳ ವರದಿಯನ್ನು ಇಬ್ಬರೂ ಕೂತು ಬರೆದೆವು. ನಾನು ಹೇಳಿದೆ, ಅವಳು ಬರೆದುಕೊಂಡಳು. ಅವಳು ಸಹಿ ಹಾಕಿದ ಮೇಲೆ ಆ ಹಾಳೆಯನ್ನು ಅವಳ ಕೈಯಿಂದ ಇಸಿದುಕೊಂಡು, ಒಂದೊಂದೇ ಸಾಲು ಮತ್ತೆ ಓದಿದೆ. ಅವಳು ನೋಡುತ್ತ ನಿಂತಿದ್ದಳು.

ಈ ಪತ್ರದ ವಿಷಯ ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ.