ನೀರಿನ ಸಾಲು

…ತಡಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡ. ಇದು ಐದನೇ ಸಲ. ಫೋನಲ್ಲಿ ಮಾತಾಡಿ ತುಂಬಿದ್ದು ನಾಲ್ಕನ್ನ ಅಳಿಸಿಬಿಟ್ಟೆ.

ನನ್ನ ತಂಗಿ ಪುಟ್ಟಿಗೆ ನಿನ್ನಣ್ಣನ ಆಶೀರ್ವಾದ. ಇವತ್ತು ಹನ್ನೆರಡನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಔಷಧಿ ಕೋಣೆಯಲ್ಲಿ ಬಕೆಟ್ ಕವುಚಿಕೊಂಡು ಕೂತಿದ್ದೀನಿ. ಐವತ್ತಾದ ಮಂಡಿಗೆ ನಿನ್ನ ಆಫೀಸಲ್ಲಿ ಇದಕ್ಕಿಂತ ಒಳ್ಳೆ ಸಿಂಹಾಸನ ಇಲ್ಲ ಬಿಡು.

ಹನ್ನೊಂದಕ್ಕೆ ಮೀಟಿಂಗು. ಹಾರ್ಮೋನು ಹೊಡೆದ್ರೂ ಅಷ್ಟೇ, ಬಿಟ್ರೂ ಅಷ್ಟೇ, ಅಲಸಂದೆ ಇಳುವರಿ ಜಾಸ್ತಿ ಆಗಲ್ಲ ಅಂತ ಹೇಳಿ ಪ್ರಯೋಗ ಮುಚ್ಚಿಬಿಡ್ತೀಯಂತೆ. ಎರಡು ವರ್ಷ ಅಲೆದು ತಂದ ಪ್ರಯೋಗ ಅದು. ನಿನ್ನೆ ನೀನು ಊಟದ ಡಬ್ಬಿ ಮುಚ್ಚಳಾನೂ ತೆಗೀದೆ ಕೂತಿದ್ದೆ. ಎಲ್ಲಿ ಎಡವಿದೆ ಅಂತಾನೇ ಗೊತ್ತಾಗ್ತಿಲ್ಲ ಅಣ್ಣಾ ಅಂದೆ. ನಾನು ನಲ್ಲಿ ಹತ್ರ ಕೈ ತೊಳೀತಾ ನಿಂತೆ. ತೊಳೆದ ಕೈಯನ್ನೇ ಮತ್ತೆ ತೊಳೆದೆ.

ಎಡವಿದ್ದು ನೀನಲ್ಲಮ್ಮ.

ಅರ್ಧ ಸಾಲುಗಳಿಗೆ ಹೂ ಉದುರದ ಹಾಗೆ ತಡೆಯೋ ಹಾರ್ಮೋನು ಔಷಧಿ, ಇನ್ನರ್ಧಕ್ಕೆ ಬರೀ ನೀರು, ಆಮೇಲೆ ಎರಡನ್ನೂ ಹೋಲಿಸಿ ನೋಡೋದು ಅಂತ ನೀನು ಅಂದಿದ್ದೆ. ಔಷಧಿ ಸಾಲು ಹೊಲದ ಮೇಸ್ತ್ರಿಗೆ, ನೀರಿನ ಸಾಲು ನನಗೆ. ನಾನು ನೀರಿನ ಸಾಲಿಗೂ ಔಷಧಿ ಹೊಡೆದೆ ಪುಟ್ಟಿ. ಮೇಸ್ತ್ರಿ ಕಲೆಸಿದ್ದು ಒಂದಿಷ್ಟು ಉಳಿದಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಯಾಕೆ ಅಂತ ನನ್ನ ಬೆನ್ನಿನ ಸಿಂಪಡಿಸೋ ಡಬ್ಬಕ್ಕೆ ಸುರ್ಕೊಂಡೆ. ಅಮ್ಮ ನಮ್ಮಿಬ್ಬರಿಗೆ ಹಾಲು ಹಾಕುವಾಗ ಲೋಟಕ್ಕೆ ಲೋಟ ತಾಗಿಸಿ ನೋಡ್ತಿದ್ಲಲ್ಲ, ಆ ಬುದ್ಧಿ ಅಂತ ಇಟ್ಕೋ.

ಆದ್ರೆ ಗೋಡೆ ಪಕ್ಕದ ಕೊನೆ ಸಾಲು ಇದೆಯಲ್ಲ, ಅದಕ್ಕೆ ಹೊಡೆದದ್ದು ನಿಜವಾಗ್ಲೂ ನೀರು. ಅಷ್ಟೊತ್ತಿಗೆ ಔಷಧಿ ಮುಗಿದಿತ್ತು. ಬೇರೆ ಗಿಡದಲ್ಲಿ ಹದಿನೆಂಟು ಕಾಯಿ ಬಂದ್ರೆ ಅಲ್ಲಿ ಹನ್ನೊಂದು. ಗೋಡೆ ನೆರಳಿಗೆ ಹಾಗಾಗಿದೆ ಅಂತ ನೀನು ಆ ಸಾಲನ್ನ ಪಟ್ಟಿಯಿಂದಲೇ ಹೊಡೆದು ಹಾಕಿದೆ. ನೆರಳಲ್ಲ ಕಣೇ. ಇಡೀ ಹೊಲದಲ್ಲಿ ಸುಳ್ಳು ಹೇಳದೆ ಇದ್ದದ್ದು ಅದೊಂದೇ ಸಾಲು.

ಒಂದು ಸಾಲು ಸಾಕ್ಷಿಗೆ ಸಾಲಲ್ಲ, ನನಗೂ ಗೊತ್ತು. ಆದ್ರೆ ಔಷಧಿ ಕೆಲಸ ಮಾಡಲ್ಲ ಅಂತ ಮಾತ್ರ ಹೇಳಬೇಡ. ಇನ್ನೊಂದು ಬೆಳೆ ಕೇಳು. ಕೆಡಿಸಿದ್ದು ಯಾರು ಅಂತ ಕೇಳಿದ್ರೆ ನನ್ನನ್ನೇ ತೋರಿಸು. ಅಣ್ಣ ಅಂತ ಸೆರಗಲ್ಲಿ ಮುಚ್ಚಿಡಬೇಡ. ಕೆಲಸ ಹೋದ್ರೆ ಹೋಗ್ಲಿ, ಡಬ್ಬ ಹೊತ್ತು ಬೆನ್ನೂ ಸೋತಿದೆ.

ಇಂತಿ ನಿನ್ನ ಅಣ್ಣ.

ಹಾಂ, ಸಹಿ ಆದ್ಮೇಲೆ ಒಂದು ಮಾತು. ಔಷಧಿ ಉಳಿದಿರಲಿಲ್ಲ. ಬೀರು ತೆಗೆದು ನಾನೇ ಹೊಸದಾಗಿ ಕಲೆಸಿದೆ. ಅವತ್ತು ನೀನು ಮೇಸ್ತ್ರಿ ಹತ್ರ, ಅಣ್ಣನಿಗೆ ನೀರಿನ ಡಬ್ಬ ಕೊಡಿ, ಅದರಲ್ಲಿ ಕೆಡಿಸೋಕೆ ಏನೂ ಇಲ್ಲ ಅಂದ್ಯಲ್ಲ. ಮೇಸ್ತ್ರಿ ನಕ್ಕ. ನಾನೂ ನಕ್ಕೆ. ಕೊನೆ ಸಾಲಿಗೆ ಬರೋ ಹೊತ್ತಿಗೆ ಮುಗಿದದ್ದು ಔಷಧಿ ಅಲ್ಲ, ಸಿಟ್ಟು. ಡಬ್ಬ ಚೆಲ್ಲಿ, ತೊಳೆದು, ನೀರು ತುಂಬ್ಕೊಂಡೆ.

ನೋಡು, ಹೊರಗೆ ನೀನೇ ಕರೀತಿದ್ದೀಯ. ಮೀಟಿಂಗಿಗೆ ಬಂದೋರಿಗೆ ನೀರು ಕೊಡಬೇಕಂತೆ. ಬಂದೆ ಪುಟ್ಟಿ, ಬಂದೆ. ಫೋನಿನ ಮೈಕಿಂದ ಬೆರಳು ತೆಗೀತಿದ್ದೀನಿ, ಇದು ನಿನಗೆ ಬರುತ್ತೆ. ಒಳಗೆ ಹೋಗೋ ಮುಂಚೆ ಕೇಳು.